ಆನೆಗೆ ಹುಲ್ಲು ತರೋರು ಯಾರು?

ಪ್ರಾಣಿಗಳ ಸಿನಿಮಾ ಬಂದಾಗಲೆಲ್ಲ ‘ಮಕ್ಕಳಿಗೆ ಹೇಳಿ ಮಾಡಿಸಿದ ಚಿತ್ರ’ ಎಂದು ಬರೆದು ಕೈತೊಳೆದುಕೊಳ್ಳುವ ವಿಮರ್ಶಕರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು. ಮಕ್ಕಳು ನೋಡುತ್ತಾರೆ, ಸರಿ. ನಗುತ್ತಾರೆ, ಪಾಪ್‌ಕಾರ್ನ್ ಚೆಲ್ಲುತ್ತಾರೆ, ನಾಯಿಗೆ ಏನಾದರೂ ಆದರೆ ಸ್ವಲ್ಪ ಹೊತ್ತು ಮಂಕಾಗುತ್ತಾರೆ, ಹೊರಗೆ ಬಂದ ಮೇಲೆ ಐಸ್‌ಕ್ರೀಮು ಕೇಳುತ್ತಾರೆ. ದೀಪ ಹತ್ತಿದಾಗ ಕರ್ಚೀಫಿಗಾಗಿ ಜೇಬು ತಡಕಾಡುವವರು ಅವರಪ್ಪಂದಿರು. ಮಕ್ಕಳ ನೆಪ ಹೇಳಿಕೊಂಡು ಬಂದು ಅತ್ತು ಹೋಗುವ ಈ ಗಂಡಸರನ್ನು ಚಿತ್ರಮಂದಿರದಲ್ಲಿ ಕಾಣುವುದಕ್ಕೆ ಎಷ್ಟೋ ಮೊದಲೇ ನಾನು ಆಸ್ಪತ್ರೆಯಲ್ಲಿ ಕಂಡಿದ್ದೆ.

ನಾನು ದನದ ಡಾಕ್ಟರು. ಬೋರ್ಡಿನ ಮೇಲೆ ಪಶುವೈದ್ಯಾಧಿಕಾರಿ ಎಂದಿರುತ್ತಿತ್ತು. ಹೆಗ್ಗಡದೇವನಕೋಟೆ, ಹುಣಸೂರು ಕಡೆಯ ಜನರ ಬಾಯಲ್ಲಿ ಮಾತ್ರ ಕೊನೆಯವರೆಗೂ ದನದ ಡಾಕ್ಟರೇ. ಈಗ ನಿವೃತ್ತನಾಗಿ ಮೈಸೂರಿನಲ್ಲಿದ್ದೇನೆ. ನೌಕರಿಯ ಉದ್ದಕ್ಕೂ ಕಂಡ ಒಂದು ಸಂಗತಿ ಹೇಳುತ್ತೇನೆ. ‘ಮನೆಗೆ ನಾಯಿ ಬೇಡವೇ ಬೇಡ’ ಎಂದು ಕೂಗಾಡಿದ ಯಜಮಾನನೇ ಪಾರ್ವೊ ಕಾಯಿಲೆ ಬಂದ ಮರಿಯನ್ನು ಹಳೇ ಟವೆಲಿನಲ್ಲಿ ಸುತ್ತಿಕೊಂಡು ಬರುತ್ತಾನೆ. ಡ್ರಿಪ್ ಹಾಕಿದರೆ ಬಾಟಲಿ ಎತ್ತಿ ಹಿಡಿದು ನಿಲ್ಲುವವನೂ ಅವನೇ. ಕೈ ನೋಯುತ್ತದೆ, ಮೊಳೆಗೆ ನೇತುಹಾಕೋಣ ಎಂದರೂ ಕೇಳುವುದಿಲ್ಲ.

ಈ ಬಗೆಯ ಚಿತ್ರಗಳು ತಲೆಮಾರಿನಿಂದ ತಲೆಮಾರಿಗೆ ಓಡುತ್ತಲೇ ಇರುವುದಕ್ಕೆ ಪ್ರಾಣಿಯ ಜಾಣತನ ಕಾರಣ ಎನ್ನುವವರಿದ್ದಾರೆ, ಮುಗ್ಧತೆ ಎನ್ನುವವರಿದ್ದಾರೆ. ನನ್ನ ಕಣ್ಣಿಗೆ ಬೀಳುವುದು ಚಾಕರಿ. ಊಟ ಹಾಕುವುದು, ಮೈ ತೊಳೆಯುವುದು, ಗಲೀಜು ಬಾಚುವುದು, ಹುಷಾರಿಲ್ಲದಾಗ ರಾತ್ರಿಯಿಡೀ ಪಕ್ಕದಲ್ಲಿ ಕೂರುವುದು. ಪ್ರತಿ ಮನೆಯಲ್ಲೂ ದಿನಾ ನಡೆಯುವ, ಮಾಡುವವರನ್ನು ಬಿಟ್ಟು ಯಾರೂ ಗಮನಿಸದ ಈ ಕೆಲಸಕ್ಕೆ ನಮ್ಮ ಸಿನಿಮಾಗಳಲ್ಲಿ ಜಾಗವೇ ಇಲ್ಲ. ನಾಯಕ ಹತ್ತು ಜನರನ್ನು ಬಡಿದು ಹಾಕುವುದನ್ನು ಎಷ್ಟು ಹೊತ್ತು ಬೇಕಾದರೂ ತೋರಿಸಬಹುದು. ಹಾಸಿಗೆ ಹಿಡಿದ ತಾಯಿಗೆ ಗಂಜಿ ಕುಡಿಸುವುದನ್ನು ಎರಡು ನಿಮಿಷ ತೋರಿಸಿದರೆ ಕತ್ತರಿ ಬೀಳುತ್ತದೆ. ಆ ಜಾಗಕ್ಕೆ ಒಂದು ನಾಯಿಮರಿಯನ್ನು ತಂದಿಡಿ. ಇಡೀ ಚಿತ್ರವೇ ಗಂಜಿ ಕುಡಿಸುವುದರ ಬಗ್ಗೆ ಆಗುತ್ತದೆ, ಮನೆಮಂದಿಯೆಲ್ಲ ಕೂತು ನೋಡುತ್ತಾರೆ.

ಇದನ್ನು ನನಗೆ ಮೊದಲು ತೋರಿಸಿಕೊಟ್ಟವರು ನಮ್ಮಜ್ಜಿ. 1971ರಲ್ಲಿ ಬಂದ ‘ಹಾಥಿ ಮೇರೆ ಸಾಥಿ’ ನಮ್ಮೂರಿನ ಟೂರಿಂಗ್ ಟಾಕೀಸಿಗೆ ತಲುಪುವ ಹೊತ್ತಿಗೆ ರೀಲು ಸವೆದು ಹೋಗಿತ್ತು. ರಾಜೇಶ್ ಖನ್ನಾ ಯಾರೆಂದು ಅಜ್ಜಿಗೆ ಗೊತ್ತಿಲ್ಲ, ಹಿಂದಿಯ ಗಂಧವಿಲ್ಲ. ಆಸ್ತಿಯೆಲ್ಲ ಹೋಗಿ ನಾಯಕ ಆನೆಗಳ ಜೊತೆ ಬೀದಿಗೆ ಬಿದ್ದಾಗ ಟೆಂಟಿನಲ್ಲಿ ಎಲ್ಲರಿಗೂ ಕೇಳುವಂತೆ ಒಂದೇ ಪ್ರಶ್ನೆ ಕೇಳಿದರು: ‘ಇನ್ನು ಆನೆಗೆ ಹುಲ್ಲು ತರೋರು ಯಾರು?’ ಸುತ್ತ ಕೂತವರು ನಕ್ಕರು. ಆದರೆ ಕತೆ ನಿಂತಿರುವುದು ಅಲ್ಲೇ. ಆನೆಗಳನ್ನು ಬೀದಿಯಲ್ಲಿ ಆಡಿಸಿ ಅವನು ಹೊಟ್ಟೆ ಹೊರೆಯುತ್ತಾನೆ, ಅವುಗಳದ್ದೂ ತುಂಬಿಸುತ್ತಾನೆ. ಮುಂದೆ ಮದುವೆಯಾಗಿ ಮಗು ಹುಟ್ಟಿದ ಮೇಲೆ ಹೆಂಡತಿಗೆ ರಾಮು ಎಂಬ ಆನೆಯನ್ನು ಕಂಡರೆ ಭಯ: ಕೂಸಿಗೆ ಏನಾದರೂ ಮಾಡಿಬಿಟ್ಟರೆ? ಆ ಹೆಂಗಸು ಕೆಟ್ಟವಳಲ್ಲ, ಬಾಣಂತಿ. ಕೊಟ್ಟಿಗೆ ಮತ್ತು ತೊಟ್ಟಿಲು ಒಂದೇ ಸೂರಿನಡಿ ಇದ್ದ ಮನೆಗಳಲ್ಲಿ ಇಂಥ ಜಗಳಗಳನ್ನು ನಾನೇ ನೋಡಿದ್ದೇನೆ. ನಿರ್ಮಾಪಕ ಸ್ಯಾಂಡೋ ಚಿನ್ನಪ್ಪ ದೇವರ್ ಪ್ರಾಣಿಗಳನ್ನಿಟ್ಟುಕೊಂಡು ಚಿತ್ರ ತೆಗೆಯುವುದರಲ್ಲಿ ಪಳಗಿದ ಕೈ. ಮನೆಯೊಳಗಿನ ಈ ಹಗ್ಗಜಗ್ಗಾಟ ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೊನೆಯಲ್ಲಿ ರಾಮು ಗುಂಡಿಗೆ ಮೈಯೊಡ್ಡಿದ್ದಕ್ಕೆ ಜನ ಅತ್ತರು. ಅದಕ್ಕೆ ಮೊದಲು ಎರಡು ಗಂಟೆ ಆನೆಗೆ ಮೇವು ಹಾಕಿದ್ದನ್ನು ನೋಡಿರದಿದ್ದರೆ ಯಾರೂ ಅಳುತ್ತಿರಲಿಲ್ಲ.

ಆನೆ ಸಿನಿಮಾದ ಮಾತು ಬಂದರೆ ಹೆಗ್ಗಡದೇವನಕೋಟೆಯನ್ನು ಬಿಟ್ಟು ಮುಂದೆ ಹೋಗಲು ನನಗೆ ಆಗುವುದಿಲ್ಲ. ಜಗತ್ತಿನ ಹೆಸರಾಂತ ಪ್ರಾಣಿ ಚಿತ್ರಗಳಲ್ಲಿ ಒಂದಾದ ‘ಎಲಿಫೆಂಟ್ ಬಾಯ್’ ಹುಟ್ಟಿದ್ದು ಈ ಸೀಮೆಯ ಕಾಡಿನಲ್ಲಿ. ಸಾಕ್ಷ್ಯಚಿತ್ರಗಳಿಂದ ಹೆಸರು ಮಾಡಿದ್ದ ರಾಬರ್ಟ್ ಫ್ಲಾಹರ್ಟಿ, ಕಿಪ್ಲಿಂಗನ ಕತೆಯೊಂದನ್ನು ಹಿಡಿದುಕೊಂಡು ಮೈಸೂರಿಗೆ ಬಂದ. ಮಹಾರಾಜರು ಆನೆಗಳನ್ನು ಒದಗಿಸಿದರು. ಕತೆಯ ಹುಡುಗನ ಪಾತ್ರಕ್ಕೆ ಸಿಕ್ಕಿದ್ದು ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ, ಮಾವುತನ ಮಗ ಸಾಬು. ತಂದೆ ತೀರಿಕೊಂಡು ಅರಮನೆಯ ಆನೆಲಾಯದ ಆಸರೆಯಲ್ಲಿದ್ದ ಹುಡುಗ ಅವನು. ಜೊತೆಗೆ ನಟಿಸಿದ ಆನೆ ಅರಮನೆಯ ಐರಾವತ. 1937ರಲ್ಲಿ ಚಿತ್ರ ತೆರೆಕಂಡು, ಅದೇ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿಯನ್ನೂ ಪಡೆಯಿತು. ಸಾಬು ಇಂಗ್ಲೆಂಡಿಗೆ ಹೋದ, ಅಲ್ಲಿಂದ ಹಾಲಿವುಡ್ಡಿಗೆ ಹೋದ, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆಯಲ್ಲೂ ಇದ್ದ, 39ರ ಹರೆಯದಲ್ಲೇ ತೀರಿಕೊಂಡ. ಕಾರಾಪುರದ ರೆಸಾರ್ಟುಗಳಿಗೆ ಇಂದು ಬಂದಿಳಿಯುವ ಎಷ್ಟು ಜನರಿಗೆ ಇದು ಗೊತ್ತೋ ಕಾಣೆ.

ಆ ಚಿತ್ರದ ಕತೆಯಲ್ಲಿ ಹುಲಿಗೆ ಬಲಿಯಾದ ಮಾವುತನ ಆನೆಯನ್ನು ಬೇರೊಬ್ಬನಿಗೆ ಒಪ್ಪಿಸುತ್ತಾರೆ, ಅವನು ಹೊಡೆಯುತ್ತಾನೆ, ಹುಡುಗ ಆನೆ ಹತ್ತಿಕೊಂಡು ಕಾಡಿಗೆ ಹೊರಟುಬಿಡುತ್ತಾನೆ. ಕತೆ ಇಷ್ಟೇ, ಹಳೆಯದಾಯಿತು, ಬಿಳಿಯ ದೊರೆಯ ದೊಡ್ಡಸ್ತಿಕೆಯೂ ಅದರಲ್ಲಿ ಧಾರಾಳವಾಗಿದೆ. ಆದರೂ ಸಾಬು ಆನೆಯ ಪಕ್ಕ ನಿಲ್ಲುವ ರೀತಿ ನೋಡಿ. ಅದನ್ನು ಯಾವ ನಿರ್ದೇಶಕನೂ ಕಲಿಸಲಾರ. ಆನೆ ಶಿಬಿರಗಳಲ್ಲಿ ಕಾವಾಡಿಗಳ ಮಕ್ಕಳನ್ನು ನೋಡಿದವರಿಗೆ ಗೊತ್ತಾಗುತ್ತದೆ: ಮಾತಾಡುತ್ತಲೇ ಒಂದು ಕೈ ಆನೆಯ ಕಾಲ ಮೇಲಿರುತ್ತದೆ, ಅದು ಭಾರ ಬದಲಿಸಿದರೆ ಇವರೂ ಅರಿವಿಲ್ಲದೆ ಒಂದು ಹೆಜ್ಜೆ ಸರಿಯುತ್ತಾರೆ. ಭತ್ತ, ಬೆಲ್ಲ, ತೆಂಗಿನಕಾಯಿ ಸೇರಿಸಿ ಹುಲ್ಲಿನಲ್ಲಿ ಸುತ್ತಿ ಕುಸುರೆ ಕಟ್ಟಿ ಬಾಯಿಗಿಡುವಾಗ ಮೊಣಕೈವರೆಗೂ ಒಳಗೆ ಹೋಗುತ್ತದೆ. ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ದಸರಾ ಆನೆ ಅರ್ಜುನ 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಾಡಿನಲ್ಲಿ ಸತ್ತಾಗ, ಅವನ ಹತ್ತಿರಕ್ಕೂ ಹೋಗದ ಜನ ಕಣ್ಣೀರಿಟ್ಟರು. ಅಂಬಾರಿ ಹೊತ್ತದ್ದಕ್ಕಷ್ಟೇ ಹಾಗಾಗಲಿಲ್ಲ ಎಂಬುದು ನನ್ನ ಅನಿಸಿಕೆ. ಅರಮನೆಯ ಅಂಗಳದಲ್ಲಿ ಅವನಿಗೆ ಸ್ನಾನ ಮಾಡಿಸುವುದನ್ನು, ಕುಸುರೆ ತಿನ್ನಿಸುವುದನ್ನು ಟಿವಿಯಲ್ಲಿ ವರ್ಷಾವರ್ಷ ನೋಡಿದ್ದರು.

ಇನ್ನು ನಾಯಿಗಳ ಸಂಗತಿ. ‘ಲ್ಯಾಸಿ ಕಮ್ ಹೋಮ್’ 1943ರದ್ದು. ಯಾರ್ಕ್‌ಷೈರಿನ ಬಡ ಕುಟುಂಬ ಹೊಟ್ಟೆಪಾಡಿಗಾಗಿ ನಾಯಿಯನ್ನು ಮಾರುತ್ತದೆ, ಅದು ಸ್ಕಾಟ್ಲೆಂಡಿನಿಂದ ನಡೆದೇ ವಾಪಸು ಬರುತ್ತದೆ. ಆ ನಡಿಗೆಯ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನಗೆ ನೆನಪಿನಲ್ಲಿ ಉಳಿದಿರುವುದು ಮಧ್ಯದಲ್ಲಿ ಬರುವ ಮುದುಕ–ಮುದುಕಿ. ಸಾಯಲು ಬಿದ್ದ ನಾಯಿಯನ್ನು ಒಳಗೆ ತಂದು ಬದುಕಿಸುತ್ತಾರೆ. ಅದು ತಮ್ಮ ಬಳಿಯೇ ಇರಲಿ ಎಂಬ ಆಸೆ. ಆದರೆ ದಿನಾ ಸಂಜೆಯ ಹೊತ್ತಿಗೆ ಅದು ಚಡಪಡಿಸುವುದನ್ನು ಮುದುಕಿ ಗಮನಿಸುತ್ತಾಳೆ. ಇದಕ್ಕೆ ಹೋಗಬೇಕಾದ ಊರೊಂದಿದೆ ಎಂದು ತಿಳಿದು ಬಾಗಿಲು ತೆರೆದು ಬಿಡುತ್ತಾಳೆ. ಆರೈಕೆ ಮಾಡಿದವಳಿಗಷ್ಟೇ ಅದು ಗೊತ್ತಾಗಲು ಸಾಧ್ಯ. ವೃತ್ತಿಯ ಚಪಲದಿಂದ ಒಂದು ಮಾತು: ಲ್ಯಾಸಿ ಹೆಣ್ಣು, ನಟಿಸಿದ್ದು ಪಾಲ್ ಎಂಬ ಗಂಡು ನಾಯಿ. ಮೊದಲು ಆರಿಸಿದ್ದ ಹೆಣ್ಣು ಕೋಲಿ ಚಿತ್ರೀಕರಣದ ಹೊತ್ತಿಗೆ ಸರಿಯಾಗಿ ಕೂದಲು ಉದುರಿಸಲು ಶುರುಮಾಡಿತು. ಹೆಣ್ಣು ನಾಯಿಗಳು ಹಾಗೆ ಕೂದಲು ಉದುರಿಸುವುದು ಸಹಜ. ಆಮೇಲೆ ದಶಕಗಳ ಕಾಲ ಆ ಪಾತ್ರವನ್ನು ಪಾಲ್‌ನ ವಂಶದವರೇ ಮಾಡಿದರು, ಎಲ್ಲರೂ ಗಂಡೇ.

ಪ್ರಾಣಿಗಳು ಅದ್ಭುತವಾಗಿ ನಟಿಸುತ್ತವೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ನಾಯಿ ನೋಡುತ್ತಿರುವುದು ಕ್ಯಾಮೆರಾದ ಪಕ್ಕದಲ್ಲಿರುವ ತರಬೇತುದಾರನ ಕೈಯನ್ನು. ದುಃಖ ನಾವು ಹಚ್ಚಿಕೊಂಡದ್ದು. ಒಮ್ಮೆ ನಮ್ಮ ತಾಲ್ಲೂಕಿನಲ್ಲಿ ಸಿನಿಮಾ ಶೂಟಿಂಗಿಗೆ ಒಂದು ಜೋಡಿ ಹಳ್ಳಿಕಾರ್ ಎತ್ತು ಬೇಕಾಗಿ, ಆರೋಗ್ಯ ಪ್ರಮಾಣಪತ್ರ ಕೊಡಲು ನನ್ನನ್ನು ಕರೆಸಿದ್ದರು. ಎತ್ತುಗಳೇನೋ ಗಟ್ಟಿಮುಟ್ಟಾಗಿದ್ದವು. ನಾಯಕನಟ ಹಗ್ಗ ಹಿಡಿದು ಎಳೆದರೆ ಒಂದು ಹೆಜ್ಜೆ ಕದಲಲಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಹೊಗಳಿದ್ದಾಯಿತು, ಬೆಲ್ಲ ತಿನ್ನಿಸಿದ್ದಾಯಿತು. ಎತ್ತಿನ ಯಜಮಾನ ಬೇಲಿಯ ಪಕ್ಕ ಬೀಡಿ ಸೇದುತ್ತಾ ಕೂತಿದ್ದ. ಕೊನೆಗೆ ನಾಯಕನ ಅಂಗಿ, ಪಂಚೆಯನ್ನು ಅವನಿಗೆ ತೊಡಿಸಿ, ಹಿಂದಿನಿಂದ ತೆಗೆದರು. ಅವನು ಹಗ್ಗವನ್ನೂ ಹಿಡಿಯಲಿಲ್ಲ. ನಾಲಿಗೆ ಮಡಿಚಿ ‘ಟ್ರ್ರ್’ ಎಂದ, ಎರಡೂ ಹೊರಟವು. ಅಂಗಿ ಬಿಚ್ಚಿ ಕೊಡುವಾಗ ‘ನನ್ನ ಬೆವರಿನ ವಾಸ್ನೆ ಗೊತ್ತು ಸಾರ್ ಅವಕ್ಕೆ’ ಎಂದು ನನಗೆ ಹೇಳಿದ. ಆ ಚಿತ್ರ ಓಡಲಿಲ್ಲ. ಆ ಒಂದು ಶಾಟ್ ಮಾತ್ರ ಸೊಗಸಾಗಿತ್ತು.

ಹೀಗೆ ಪ್ರಾಣಿಯನ್ನು ಪ್ರಾಣಿಯಾಗಿ ಬಿಟ್ಟ ಚಿತ್ರ ಬಾಳುತ್ತದೆ. ಅದಕ್ಕೆ ಮನುಷ್ಯನ ಕೆಲಸ ಹಚ್ಚಿದರೆ ಕೆಡುತ್ತದೆ. 1985ರ ‘ತೇರಿ ಮೆಹರ್‌ಬಾನಿಯಾ’ದಲ್ಲಿ ಯಜಮಾನನನ್ನು ಕೊಂದವರನ್ನು ನಾಯಿ ಹುಡುಕಿ ಹುಡುಕಿ ಮುಗಿಸುತ್ತದೆ. ಅದರ ಮೂಲ ನಮ್ಮದೇ, ಶಂಕರ್ ನಾಗ್ ನಟಿಸಿದ ‘ತಾಳಿಯ ಭಾಗ್ಯ’. ಎರಡನ್ನೂ ನಿರ್ದೇಶಿಸಿದವರು ‘ಗಂಧದ ಗುಡಿ’ಯ ವಿಜಯ್. ಹಿಂದಿಯದ್ದು ಆಗ ದುಡ್ಡು ಮಾಡಿತು. ಈಗ ಅದರ ಮಾತೆತ್ತಿದರೆ ಜನ ನಗುತ್ತಾರೆ. ಸೇಡು ತೀರಿಸಿಕೊಳ್ಳುವ ನಾಯಿಗೆ ಊಟ ಹಾಕುವ ಅಗತ್ಯ ಯಾರಿಗೂ ಬೀಳುವುದಿಲ್ಲವಲ್ಲ. 2019ರ ಕಂಪ್ಯೂಟರ್ ‘ಲಯನ್ ಕಿಂಗ್’ ಇನ್ನೊಂದು ತುದಿ. ಒಂದೊಂದು ಕೂದಲೂ ನಿಜದಂತಿದೆ, ಆದರೆ ಯಾವ ಸಿಂಹದ ಕಣ್ಣಿನ ಮೇಲೂ ಒಂದು ನೊಣ ಕೂರುವುದಿಲ್ಲ. ಅದಕ್ಕಿಂತ 1995ರ ‘ಬೇಬ್’ ಎಷ್ಟೋ ಮೇಲು. ಹಂದಿಮರಿ ವಾರವಾರಕ್ಕೂ ಬೆಳೆಯುವುದರಿಂದ ಆ ಒಂದು ಪಾತ್ರಕ್ಕೆ 48 ಮರಿಗಳನ್ನು ಬಳಸಬೇಕಾಯಿತು. ಊಟ ಬಿಟ್ಟು ಮಲಗಿದ ಮರಿಗೆ, ಮಾತೇ ಆಡದ ಆ ಒರಟು ರೈತ ಬಾಟಲಿ ಹಿಡಿದು ಹಾಲು ಕುಡಿಸಿ, ಹಾಡಿ, ಕುಣಿಯುವ ದೃಶ್ಯವಿದೆ. ಕರು ಹಾಲು ಬಿಟ್ಟಾಗ ರೈತರು ಇದಕ್ಕಿಂತ ಹೆಚ್ಚಿನ ಹುಚ್ಚಾಟ ಆಡಿದ್ದನ್ನು ನಾನು ನೋಡಿದ್ದೇನೆ. ಹೆಸರು ಹೇಳಿದರೆ ಅವರಿಗೆ ನಾಚಿಕೆಯಾದೀತು.

ಕನ್ನಡದ ಮಟ್ಟಿಗೆ ಈ ಸಾಲಿನಲ್ಲಿ ನಿಲ್ಲುವುದು ಕಿರಣ್‌ರಾಜ್ ನಿರ್ದೇಶನದ ‘777 ಚಾರ್ಲಿ’. 2022ರ ಜೂನ್ 10ರಂದು ಐದು ಭಾಷೆಗಳಲ್ಲಿ ಬಂತು. ಡಬ್ಬಿಂಗ್ ಬೇಕೇ ಬೇಡವೇ ಎಂದು ದಶಕಗಟ್ಟಲೆ ಕಚ್ಚಾಡಿದ ಕನ್ನಡ ಚಿತ್ರರಂಗದಿಂದ, ಯಾವ ಭಾಷೆಗೂ ಡಬ್ ಮಾಡಬೇಕಿಲ್ಲದ ನಾಯಕಿಯೊಬ್ಬಳು, ಅಂದರೆ ಒಂದು ನಾಯಿ, ಹೊರಟದ್ದು ನನಗೆ ಖುಷಿ ಕೊಟ್ಟಿತು. ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ ಚಿತ್ರ ನೋಡಿ ಎಲ್ಲರೆದುರೇ ಅತ್ತರು. ಹಿಂದಿನ ವರ್ಷವಷ್ಟೇ ಅವರ ಮನೆಯ ನಾಯಿ ಸತ್ತಿತ್ತು. ಸರ್ಕಾರ ಆರು ತಿಂಗಳು ರಾಜ್ಯದ ತೆರಿಗೆ ಬಿಟ್ಟುಕೊಟ್ಟಿತು. ಆ ಕಣ್ಣೀರನ್ನು ಗೇಲಿ ಮಾಡಿದವರಿದ್ದಾರೆ. ನಾನು ಮಾಡುವುದಿಲ್ಲ. ಅಣ್ಣ ಸತ್ತಾಗ ಹಲ್ಲು ಕಚ್ಚಿ ನಿಂತವನು ಎತ್ತು ಸತ್ತಾಗ ಕೊಟ್ಟಿಗೆಯಲ್ಲಿ ಬಿದ್ದು ಹೊರಳಾಡಿದ್ದನ್ನು ನೋಡಿದ ಮೇಲೆ ಗೇಲಿ ಮಾಡಲು ಮನಸ್ಸು ಬರುವುದಿಲ್ಲ.

ಎರಡೂಮುಕ್ಕಾಲು ಗಂಟೆಯ ಚಿತ್ರದಲ್ಲಿ ಅರ್ಧ ಗಂಟೆ ಕತ್ತರಿಸಬಹುದಿತ್ತು. ಪ್ರಯಾಣದ ಭಾಗ ಎಳೆದಾಡುತ್ತದೆ. ಆದರೆ ಮೊದಲರ್ಧ ನೋಡಿ: ಇಡ್ಲಿ, ಕಾರ್ಖಾನೆ, ಸಿಗರೇಟು, ಬಿಯರು, ಚಾಪ್ಲಿನ್ ಎಂದು ಒಂಟಿಯಾಗಿ ಬದುಕುವ ಧರ್ಮನ ಮನೆಗೆ, ಮರಿ ಹಾಕಿಸಿ ಮಾರುವವರ ಪಂಜರದಿಂದ ತಪ್ಪಿಸಿಕೊಂಡ ನಾಯಿಯೊಂದು ನುಗ್ಗುತ್ತದೆ. ಮನೆ ಹರಿದು ಹಾಕುತ್ತದೆ, ಹೊಲಸು ಮಾಡುತ್ತದೆ. ಅವನು ಬೈಯುತ್ತಾ ತೊಳೆಯುತ್ತಾನೆ. ಯಾರಿಗಾಗಿಯೂ ಬಗ್ಗದವನು ನೆಲ ಒರೆಸಲು ಬಗ್ಗುತ್ತಾನೆ. ನಮ್ಮ ಸಿನಿಮಾದ ಎಷ್ಟು ನಾಯಕರು ನೆಲ ಒರೆಸಿದ್ದಾರೆ, ಲೆಕ್ಕ ಹಾಕಿ. ಇನ್ನು, ರಾಜ್ ಬಿ. ಶೆಟ್ಟರು ಮಾಡಿದ ಪಶುವೈದ್ಯನ ಪಾತ್ರ ನಮ್ಮ ಕಸುಬಿನವರಿಗೆಲ್ಲ ಇಷ್ಟವಾಯಿತು. ಬೆಳ್ಳಿತೆರೆಯಲ್ಲಿ ನಮ್ಮನ್ನು ಕಂಡದ್ದೇ ಅಪರೂಪ ನೋಡಿ.

ಇಂಥ ಚಿತ್ರಗಳಿಗೆ ಮಕ್ಕಳನ್ನು ಕರೆದೊಯ್ಯಬೇಕೇ, ಸಾವು ತೋರಿಸಬೇಕೇ ಎಂದು ತಾಯಂದಿರು ನನ್ನನ್ನು ಕೇಳಿದ್ದುಂಟು. ತೋರಿಸಿ ಎನ್ನುತ್ತೇನೆ. ತಾತ ಸತ್ತರೆ ‘ಊರಿಗೆ ಹೋಗಿದ್ದಾರೆ’ ಎನ್ನುವ ಮನೆಗಳಲ್ಲಿ ಮಗುವಿಗೆ ನಿಜ ಹೇಳುವುದು ಮೊದಲು ನಾಯಿ, ಇಲ್ಲವೇ ಸಿನಿಮಾ. ಆಸ್ಪತ್ರೆಯಲ್ಲಿ ದೊಡ್ಡವರು ‘ಏನಾದ್ರೂ ಮಾಡಿ ಡಾಕ್ಟ್ರೇ’ ಎಂದು ಗೋಗರೆಯುತ್ತಿದ್ದರೆ ಮಗು ನೇರವಾಗಿ ಕೇಳುತ್ತದೆ: ‘ಅದಕ್ಕೆ ನೋವಾಗ್ತಿದ್ಯಾ?’ ನಾನು ಉತ್ತರ ಕೊಡುತ್ತಿದ್ದುದೂ ಮಗುವಿಗೇ.

ಸಿನಿಮಾ ಮುಗಿದ ಮೇಲೆ ಏನಾಗುತ್ತದೆ ಎನ್ನುವುದು ಇನ್ನೊಂದು ದೊಡ್ಡ ಕತೆ. 1993ರ ‘ಫ್ರೀ ವಿಲ್ಲಿ’ಯಲ್ಲಿ ಹುಡುಗನೊಬ್ಬ ಓರ್ಕಾ ತಿಮಿಂಗಿಲವನ್ನು ಸಮುದ್ರಕ್ಕೆ ಬಿಡಿಸುತ್ತಾನೆ, ಅದು ಕಲ್ಲಿನ ದಂಡೆಯ ಮೇಲಿಂದ ಹಾರುವ ದೃಶ್ಯ ಪೋಸ್ಟರಿನಿಂದಲೇ ಜಗತ್ತಿಗೆಲ್ಲ ಗೊತ್ತು. ನಟಿಸಿದ ಕೀಕೊ ಮಾತ್ರ ಮೆಕ್ಸಿಕೊ ನಗರದ ಮನೋರಂಜನಾ ಪಾರ್ಕಿನ ಇಕ್ಕಟ್ಟಾದ ತೊಟ್ಟಿಯಲ್ಲೇ ಇದ್ದ, ಮೈಮೇಲೆ ಚರ್ಮರೋಗ ಬೇರೆ. ಇದು ತಿಳಿದು ಮಕ್ಕಳು ದುಡ್ಡು ಕಳಿಸತೊಡಗಿದರು. 1996ರಲ್ಲಿ ಅವನನ್ನು ಅಮೆರಿಕದ ಆರೆಗಾನ್‌ಗೆ, 1998ರಲ್ಲಿ ಹುಟ್ಟಿದ ಐಸ್‌ಲ್ಯಾಂಡಿನ ಕಡಲಿಗೆ ಸಾಗಿಸಿದರು. ಬೇಟೆ ಕಲಿಸಲು ವರ್ಷಗಟ್ಟಲೆ ಹೆಣಗಿದರು. 2002ರಲ್ಲಿ ಸ್ವತಂತ್ರನಾಗಿ ಹೊರಟ ಕೀಕೊ ಈಜಿಕೊಂಡು ತಲುಪಿದ್ದು ನಾರ್ವೆಯ ದಡಕ್ಕೆ, ಮತ್ತೆ ಮನುಷ್ಯರ ಹತ್ತಿರಕ್ಕೇ. ಮರುವರ್ಷ ಡಿಸೆಂಬರಿನಲ್ಲಿ ನ್ಯುಮೋನಿಯಾದಿಂದ ಸತ್ತ. ಸೋಲು ಎನ್ನುವವರು ಎನ್ನಲಿ. ಸಿನಿಮಾ ಎರಡು ಗಂಟೆಯೊಳಗೆ ಮುಗಿಸಿದ್ದಕ್ಕೆ ನಿಜದಲ್ಲಿ ಹತ್ತು ವರ್ಷದ ಚಾಕರಿ ಬೇಕಾಯಿತು, ಅದನ್ನು ಮಾಡುವ ಜನ ಇದ್ದರು.

ನಮ್ಮಲ್ಲಿ ಆಗುವುದು ಇದರ ಉಲ್ಟಾ. ಅಳುತ್ತೇವೆ, ಮರುದಿನ ಅದೇ ಜಾತಿಯ ಮರಿ ಹುಡುಕುತ್ತೇವೆ. ಅಮೆರಿಕದವರೇನೂ ಕಮ್ಮಿಯಿಲ್ಲ, 1985ರಲ್ಲಿ ‘101 ಡಾಲ್ಮೇಷಿಯನ್ಸ್’ ಮರುಬಿಡುಗಡೆಯಾದ ಮೇಲೆ ಎಂಟು ವರ್ಷದಲ್ಲಿ ಅಲ್ಲಿ ಆ ನಾಯಿಗಳ ನೋಂದಣಿ ಸುಮಾರು ಐದು ಪಟ್ಟಾಯಿತು. ನಮಗೆ ಸಿನಿಮಾವೂ ಬೇಕಾಗಲಿಲ್ಲ, 2003ರ ಹಚ್ ಮೊಬೈಲ್ ಜಾಹೀರಾತೇ ಸಾಕಾಯಿತು. ಹುಡುಗನ ಹಿಂದೆ ಓಡುವ ಆ ಪಗ್ ನಾಯಿ ಊರೂರಿಗೂ ಬಂತು. ಚಪ್ಪಟೆ ಮೂಗಿನ ಆ ಪ್ರಾಣಿಗೆ ಓಡಿದರೆ ಉಸಿರು ಸಿಕ್ಕುವುದಿಲ್ಲ. ಏಪ್ರಿಲ್ ಬಂತೆಂದರೆ ಗೊರಗೊರ ಎನ್ನುವ, ನಾಲಿಗೆ ನೀಲಿಗಟ್ಟಿದ ಪಗ್‌ಗಳನ್ನು ಎತ್ತಿಕೊಂಡು ಓಡಿಬರುತ್ತಿದ್ದರು. ಒದ್ದೆ ಬಟ್ಟೆ ಹೊದಿಸಿ, ಆಕ್ಸಿಜನ್ ಕೊಟ್ಟು, ಕೆಲವನ್ನು ಉಳಿಸಿದ್ದೇನೆ. ಅಂದ ನೋಡಿ ತಂದವರಲ್ಲಿ ಕೆಲವರು ಕಾಯಿಲೆ ನೋಡಿ ಆಸ್ಪತ್ರೆಯ ಗೇಟಿಗೇ ಕಟ್ಟಿ ಹೋದದ್ದೂ ಉಂಟು. ಮರಿ ಮಾರುವ ದಂಧೆಯ ವಿರುದ್ಧವೇ ತೆಗೆದ ‘777 ಚಾರ್ಲಿ’ ನೋಡಿ ಬಂದು ‘ಒಳ್ಳೇ ಲ್ಯಾಬ್ರಡಾರ್ ಮರಿ ಎಲ್ಲಿ ಸಿಗುತ್ತೆ ಸಾರ್’ ಎಂದು ನನಗೆ ಫೋನ್ ಮಾಡಿದವರಿಗೆ ಏನು ಹೇಳಲಿ?

ಇಷ್ಟು ಹೇಳುತ್ತೇನೆ. ಮುಂದಿನ ಪ್ರಾಣಿ ಚಿತ್ರ ಬಂದಾಗ ಮನೆಯವರೆಲ್ಲ ಹೋಗಿ, ಮನಸಾರೆ ಅಳಿ. ಮರಿ ಕೊಳ್ಳಬೇಡಿ. ನಿಮ್ಮ ಬೀದಿಯಲ್ಲೇ, ನೀವು ಹಾಕುವ ಅನ್ನಕ್ಕೆ ಕಾದು ಕೂರುವ ನಾಯಿಯೊಂದು ಇದ್ದೇ ಇರುತ್ತದೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಹೊತ್ತಿಗೆ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಹುಚ್ಚುನಾಯಿ ರೋಗದ ಲಸಿಕೆ ಉಚಿತವಾಗಿ ಹಾಕುತ್ತಾರೆ. ಆ ನಾಯಿಯನ್ನು ಹಿಡಿದು ತನ್ನಿ, ಮಗುವನ್ನೂ ಕರೆದುಕೊಂಡು ಬನ್ನಿ. ಹಗ್ಗ ಹಿಡಿಯುವ ಕೆಲಸ ಅಪ್ಪನೇ ಮಾಡಲಿ.